ಸಂಜೀವಪ್ಪನ ತಾರಸಿಯ ಮೇಲೆ ಉಗಾಂಡ

ಸಂಜೀವಪ್ಪನಿಗೆ ಬದುಕಿನಲ್ಲಿ ಇದ್ದ ಕೊರಗು ಒಂದೇ. ಈ ದೇಶ ಅವನಿಂದ ಕಂದಾಯ ತೆಗೆದುಕೊಂಡಿತ್ತು, ವೋಟು ತೆಗೆದುಕೊಂಡಿತ್ತು, ಆಧಾರ್ ಕಾರ್ಡಿಗಾಗಿ ಹತ್ತು ಬೆರಳೂ ಒತ್ತಿಸಿಕೊಂಡಿತ್ತು. ಆದರೆ ಒಂದು ದಿನವಾದರೂ ಕರೆದು, “ಬಾರಪ್ಪ, ಈ ಸಲ ನೀನು ಬಾವುಟ ಹಾರಿಸು” ಎಂದಿರಲಿಲ್ಲ.

ಬೆಂಗಳೂರಿನ ಪಕ್ಕದ ವಿಜಯಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಗೆ ಅಂಟಿಕೊಂಡಿರುವ ಅವನ ಊರಿನಲ್ಲಿ ಆಗಸ್ಟ್ ಹದಿನೈದಕ್ಕೆ ಮೂರು ಕಡೆ ಬಾವುಟ ಏರುತ್ತದೆ. ಸ್ಕೂಲಿನಲ್ಲಿ ಹೆಡ್ ಮೇಷ್ಟ್ರು ಏರಿಸುತ್ತಾರೆ. ಡೈರಿಯಲ್ಲಿ ಡೈರಿ ಅಧ್ಯಕ್ಷ. ಪಂಚಾಯಿತಿಯಲ್ಲಿ ಅಧ್ಯಕ್ಷೆಯ ಗಂಡ. ಸಂಜೀವಪ್ಪನ ಪಾಲಿಗೆ ಪ್ರತಿವರ್ಷ ಬರುತ್ತಿದ್ದದ್ದು ಡೈರಿಯ ವಂದನಾರ್ಪಣೆ. ಆ ಹೊತ್ತಿಗೆ ಜನ ಬೂಂದಿ ಹಂಚುವ ಕಡೆಗೆ ಎದ್ದು ಹೋಗಿರುತ್ತಿದ್ದರಿಂದ, ಅವನು ಈ ರಾಷ್ಟ್ರಕ್ಕೆ ಸಲ್ಲಿಸಿದ ವಂದನೆಗಳನ್ನೆಲ್ಲ ಇದುವರೆಗೆ ಪ್ಲಾಸ್ಟಿಕ್ ಕುರ್ಚಿಗಳೇ ಕೇಳಿಸಿಕೊಂಡಿವೆ.

ಹೀಗಿರುವಾಗ ಅವನ ಆಸೆಯನ್ನು ಪೂರೈಸಲು ಮುಂದೆ ಬಂದದ್ದು ಭಾರತವಲ್ಲ, ಉಗಾಂಡ.

ಸಂಜೀವಪ್ಪನ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ ಉಗಾಂಡದವಳು. ಹೆಸರು ಕೆಮಿಗಿಶಾ. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸ ಕಲಿಯಲು ಒಂದು ವರ್ಷಕ್ಕೆಂದು ವಿಜಯಪುರಕ್ಕೆ ಬಂದಿದ್ದಳು. ಪೇಟೆಯಲ್ಲಿ ಅವಳು ನೋಡಿದ ಮನೆಗಳ ಮುಂದೆಲ್ಲ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಇತ್ತು, ಮನೆ ಖಾಲಿಯೂ ಇತ್ತು. ಅವಳ ಮುಖ ಕಂಡ ಕೂಡಲೇ ಮಾತ್ರ ಅದು ಹೇಗೋ ಭರ್ತಿಯಾಗಿಬಿಡುತ್ತಿತ್ತು. ಕೊನೆಗೆ ಅವಳು ಇವರ ಬಾಗಿಲಿಗೆ ಬಂದಾಗ ಸಂಜೀವಪ್ಪನೂ ತಲೆ ಕೆರೆದುಕೊಂಡು, “ಊರೋರು ಏನಂತಾರೋ” ಎಂದ. ಅವನ ಹೆಂಡತಿ ಮುತ್ತಮ್ಮ ಒಳಗಿನಿಂದಲೇ, “ನಾವು ಬೆಂಗ್ಳೂರಲ್ಲಿ ಮನೆ ಕೇಳೋಕೋದಾಗ ‘ನೀವ್ಯಾವ ಜನ’ ಅಂತ ಕೇಳಿ ಮುಖಕ್ಕೆ ಬಾಗ್ಲು ಬಡಿದಿದ್ರಲ್ಲ, ಮರೆತೋಯ್ತಾ? ಕೀ ಕೊಡು ಸುಮ್ನೆ” ಎಂದಳು. ಅಂದೇ ರಾತ್ರಿ ಊಟಕ್ಕೆ ಕರೆದು ರಾಗಿ ಮುದ್ದೆ ಬಡಿಸಿದರೆ, ಆ ಹುಡುಗಿ ಯಾರೂ ಹೇಳಿಕೊಡದೆ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟು, ಗಳಗಳ ಅತ್ತುಬಿಟ್ಟಳು. ಅವಳ ಊರಿನಲ್ಲೂ ಇದೇ ರಾಗಿ, ಇದೇ ಮುದ್ದೆಯಂತೆ. ಅಲ್ಲಿಗೆ ಮುತ್ತಮ್ಮ ಆಫ್ರಿಕಾ ಖಂಡವನ್ನು ತವರಿನ ಕಡೆಗೆ ಸೇರಿಸಿಕೊಂಡಳು. ಕೆಮಿಗಿಶಾ ಎನ್ನಲು ನಾಲಿಗೆ ತಿರುಗದೆ ‘ಕೆಂಪಮ್ಮ’ ಎಂದು ಕರೆದಳು. ಹುಡುಗಿ ಅದಕ್ಕೂ ಓ ಎಂದಳು.

ಅಕ್ಟೋಬರಿನ ಮೊದಲ ವಾರ ಕೆಮಿಗಿಶಾ ಕೆಳಗಿಳಿದು ಬಂದು ಜಗಲಿಯ ಅಂಚಿನಲ್ಲಿ ಕುಳಿತಳು. ಅವಳ ಕನ್ನಡ ಪೂರ್ತಿಯಾಗಿ ಮುತ್ತಮ್ಮನ ಅಡಿಗೆಮನೆಯಲ್ಲಿ ತಯಾರಾದದ್ದು.

“ಅಪ್ಪಾಜಿ, ಒಂಬತ್ತನೇ ತಾರೀಖು ನಮ್ ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಕಣಪ್ಪ.”

“ನಿಮ್ಗೂ ಬಂತಾ? ಯಾರಿಂದ?”

“ಅದೇ, ಇಂಗ್ಲಿಷ್‌ನೋರಿಂದ.”

“ಅಲ್ಲಿಗೂ ಬಂದಿದ್ರಾ ಬಡ್ಡೀಮಕ್ಳು!” ಸಂಜೀವಪ್ಪನಿಗೆ ಆ ಕ್ಷಣವೇ ಉಗಾಂಡ ಪಕ್ಕದ ಹೋಬಳಿಯಷ್ಟು ಹತ್ತಿರವಾಯಿತು.

ಕೆಮಿಗಿಶಾ ತನ್ನ ಕಷ್ಟ ಹೇಳಿಕೊಂಡಳು. ಬೆಂಗಳೂರಿನಲ್ಲಿ ಆಫ್ರಿಕಾದವರನ್ನು ಯಾರೋ ಅಟ್ಟಾಡಿಸಿ ಹೊಡೆದ ಹಳೆಯ ವಿಡಿಯೋ ಒಂದು ಅವಳಮ್ಮನ ಫೋನಿಗೆ ಬಂದಿತ್ತು. ಅಂದಿನಿಂದ ತಾಯಿಗೆ ನಿದ್ದೆ ಇಲ್ಲ. ಕಲಿತದ್ದು ಸಾಕು, ವಾಪಸು ಬಾ ಎಂದು ದಿನಾ ಅಳು.

“ಇಲ್ಲಿ ಜನ ಒಳ್ಳೇವ್ರು ಅಂತ ಹೇಳಿದ್ರೆ ನಂಬಲ್ಲ. ‘ಆಯ್ತು, ನಮ್ ದಿನ ನಮ್ ಬಾವುಟ ಅಲ್ಲಿ ಏರಿಸು ನೋಡಣ. ಏರಿಸೋಕೆ ಬಿಟ್ರೆ ಇರು, ಬಿಡ್ಲಿಲ್ಲ ಅಂದ್ರೆ ಬಂದ್ಬಿಡು’ ಅಂದ್ಳು. ಬೆಳಿಗ್ಗೆ ಎಂಟೂವರೆಗೆ ಫೋನಲ್ಲಿ ನೋಡ್ತಾಳೆ. ಅಮ್ಮ ಬಾ ಅಂದ್ರೆ ನಾನು ಹೋಗ್ಲೇಬೇಕು, ಕೆಲ್ಸ ಅರ್ಧಕ್ಕೇ ಬಿಟ್ಟು.”

“ಅಷ್ಟೇ ತಾನೇ? ಏರಿಸು. ತಾರಸಿ ಖಾಲಿ ಬಿದ್ದೈತೆ.”

“ನಾನಲ್ಲ ಅಪ್ಪಾಜಿ. ಮನೆಗೆ ದೊಡ್ಡೋರು ಏರಿಸ್ಬೇಕು. ನೀವೇ.”

ಸಂಜೀವಪ್ಪನ ಕೈಯಲ್ಲಿದ್ದ ಕಾಫಿ ಲೋಟ ವಾಲಿತು. ಕಾಫಿ ಪಂಚೆಯ ಮೇಲೆ ಹರಿದದ್ದು ಅವನಿಗೆ ತಿಳಿಯಲಿಲ್ಲ. ಅಕ್ಕಪಕ್ಕ ನೋಡಿ ಪಿಸುಗುಟ್ಟಿದ: “ಯಾರಿಗೂ ಹೇಳ್ಬ್ಯಾಡ. ಡೈರಿ ಅಧ್ಯಕ್ಷನ ಕಿವಿಗೆ ಬಿತ್ತೋ, ಬಿಳೀ ಶರ್ಟ್ ಹಾಕ್ಕೊಂಡು ಬಂದು ಹಗ್ಗ ಕಿತ್ಕೊಂಡ್ಬಿಡ್ತಾನೆ.”

ಮುಂದೆ ನಡೆದ ಅನಾಹುತಕ್ಕೆಲ್ಲ ಮೂಲ ಈ ಗುಟ್ಟು.

ಕೆಮಿಗಿಶಾಳ ಫೋನಿನಲ್ಲಿದ್ದ ಬಾವುಟವನ್ನು ಸಂಜೀವಪ್ಪ ಕಣ್ಣು ಕಿರಿದು ಮಾಡಿ ನೋಡಿ ಬಾಯಿಪಾಠ ಮಾಡಿಕೊಂಡ. ಕಪ್ಪು, ಹಳದಿ, ಕೆಂಪು. ಮತ್ತೆ ಕಪ್ಪು, ಹಳದಿ, ಕೆಂಪು. ನಡುವೆ ಬಿಳಿ ಬಟ್ಟಲಿನಂಥದ್ದರೊಳಗೆ ಒಂಟಿ ಕಾಲೆತ್ತಿದ ಜುಟ್ಟಿನ ಕೊಕ್ಕರೆ. ಹಳದಿ ಕೆಂಪಿನ ಚಿಂತೆ ಇರಲಿಲ್ಲ. ಟೈಲರ್ ಪಾಪಮ್ಮನ ಮನೆಯಲ್ಲಿ ನವೆಂಬರ್ ಒಂದಕ್ಕೆ ಕನ್ನಡ ಬಾವುಟ ಹೊಲಿಯಲೆಂದು ಆ ಎರಡು ಬಣ್ಣದ ಥಾನು ಆಗಲೇ ಬಂದು ಬಿದ್ದಿತ್ತು. ಕಪ್ಪನ್ನು ಅವನೇ ಪೇಟೆಗೆ ಹೋಗಿ ತಂದ.

“ಕಪ್ ಬಟ್ಟೆ ಯಾಕಣ್ಣ?” ಎಂದಳು ಪಾಪಮ್ಮ.

“ಒಂಬತ್ತನೇ ತಾರೀಖು ಗೊತ್ತಾಗುತ್ತೆ” ಎಂದ ಸಂಜೀವಪ್ಪ, ತುಟಿಯ ಮೇಲೆ ಬೆರಳಿಟ್ಟು.

ಇಲ್ಲಿ ಓದುಗರಿಗೆ ಒಂದು ಸಂಗತಿ ತಿಳಿಸಬೇಕು. ಅದು ಊರಿಗೆಲ್ಲ ಗೊತ್ತಿತ್ತು, ಸಂಜೀವಪ್ಪನೊಬ್ಬನಿಗೆ ಗೊತ್ತಿರಲಿಲ್ಲ. ಅದೇ ಒಂಬತ್ತನೇ ತಾರೀಖು ಬೆಳಿಗ್ಗೆ ಮಂತ್ರಿಯೊಬ್ಬರು ಅದೇ ರಸ್ತೆಯಲ್ಲಿ ಬರುವವರಿದ್ದರು. ಯಾವುದೋ ದೊಡ್ಡ ಯೋಜನೆ; ಕೊಡುವುದಿಲ್ಲ ಎಂದು ರೈತರು ಕೂತಿದ್ದ ಭೂಮಿಗೆ ಇವರು ಪೂಜೆ ಮಾಡುವುದೆಂದು ನಿಗದಿಯಾಗಿತ್ತು. ರೈತರು ಕಪ್ಪು ಬಾವುಟ ತೋರಿಸುತ್ತಾರೆಂಬ ಸುದ್ದಿ ಇತ್ತು. ನಮ್ಮ ಸರ್ಕಾರಗಳು ಅರ್ಜಿಗೆ ಹೆದರಿದ್ದಿಲ್ಲ, ಉಪವಾಸಕ್ಕೆ ಹೆದರಿದ್ದಿಲ್ಲ, ಸಾವಿಗಂತೂ ಹೆದರಿದ್ದೇ ಇಲ್ಲ. ಎರಡು ಮೀಟರ್ ಕಪ್ಪು ಬಟ್ಟೆಗೆ ಮಾತ್ರ ಗಡಗಡ ನಡುಗುತ್ತವೆ. ಪೇಟೆಯ ಬಟ್ಟೆ ಅಂಗಡಿಗಳಿಗೆಲ್ಲ ಪೊಲೀಸರು ಮೊದಲೇ ಹೇಳಿ ಹೋಗಿದ್ದರು: ಯಾರಾದರೂ ಕಪ್ಪು ಬಟ್ಟೆ ಕೇಳಿದರೆ ತಿಳಿಸಿ.

ಇಷ್ಟೆಲ್ಲ ಸಂಜೀವಪ್ಪನಿಗೇಕೆ ತಿಳಿಯಲಿಲ್ಲವೆಂದರೆ, ಅವನ ಮನೆಯಲ್ಲಿ ರೇಷ್ಮೆ ಹುಳುಗಳು ಕೊನೆಯ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುತ್ತಿದ್ದವು. ಆ ವಾರ ರೇಷ್ಮೆ ಸಾಕುವವನಿಗೆ ಸೊಪ್ಪು ಕೊಯ್ಯುವುದು, ಸೊಪ್ಪು ಹಾಕುವುದು ಬಿಟ್ಟರೆ ಲೋಕದಲ್ಲಿ ಏನು ಮುಳುಗಿದರೂ ಗೊತ್ತಾಗುವುದಿಲ್ಲ.

ಪಾಪಮ್ಮ ಬಾವುಟ ಹೊಲಿದಳು. ಕೊಕ್ಕರೆ ಅವಳ ಕೈಗೆ ಒಗ್ಗಲಿಲ್ಲ. ಮದುವೆ ಬ್ಲೌಸುಗಳ ಬೆನ್ನಿಗೆ ಹಾಕಿ ಹಾಕಿ ಪಳಗಿದ ನವಿಲನ್ನೇ ಹಾಕಿ, ಅದರ ಒಂದು ಕಾಲನ್ನು ಎತ್ತಿಸಿದಳು. ಆಮೇಲೆ ನಾಲ್ಕು ಜನರ ಹತ್ತಿರ, “ಸಂಜೀವಣ್ಣ ಏನೋ ಹೊಲ್ಸವ್ನೆ ಕಣ್ರೀ. ಕಪ್ಪೂ ಐತೆ, ನವಿಲೂ ಐತೆ, ಒಂಬತ್ತನೇ ತಾರೀಖಿಗಂತೆ” ಎಂದಳು. ಸುದ್ದಿ ಊರು ದಾಟುವಷ್ಟರಲ್ಲಿ ನವಿಲು ಹಾರಿಹೋಗಿ ಕಪ್ಪು ಮತ್ತು ಒಂಬತ್ತು ಮಾತ್ರ ಉಳಿದವು.

ಎಂಟನೇ ತಾರೀಖು ಸಂಜೆ ರೈತ ಮುಖಂಡ ಮುನಿಸ್ವಾಮಿ ಹುಳುವಿನ ಮನೆಗೇ ಬಂದು, ಸೊಪ್ಪು ಹಿಡಿದ ಸಂಜೀವಪ್ಪನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಸಂಜೀವಣ್ಣ, ನಿನ್ನೊಳಗೆ ಇಂಥಾ ಕಿಚ್ಚೈತೆ ಅಂತ ಗೊತ್ತಿರ್ಲಿಲ್ಲ ಕಣಣ್ಣ. ನಾವು ಎಷ್ಟು ಸಲ ಕರೆದ್ರೂ ಧರಣಿಗೆ ಬರ್ದೇ ಇದ್ದೋನು ನೀನು.”

ಗುಟ್ಟು ರಟ್ಟಾಯಿತೆಂದು ಸಂಜೀವಪ್ಪನಿಗೆ ಗಾಬರಿ. ಆದರೂ ಹೊಗಳಿಕೆ ಹೊಗಳಿಕೆಯೇ. ನಾಚಿಕೊಂಡು, “ಏನೋ, ನನ್ ಕೈಲಾಗಿದ್ದು” ಎಂದ.

“ಎಲ್ಲಿ ಏರಿಸ್ತೀಯ?”

“ತಾರಸಿ ಮೇಲೆ. ಎಂಟೂವರೆಗೆ.”

“ಆಹಾ! ರಸ್ತೆಗೆ ನೆಟ್ಟಗೆ ಕಾಣುತ್ತೆ.”

“ರಸ್ತೆಗೆ ಯಾಕಪ್ಪಾ? ಫೋನಲ್ಲಿ ಕಂಡ್ರೆ ಸಾಕು. ಹೊರದೇಶ್ದಲ್ಲೂ ನೋಡ್ತಾರೆ.”

“ಹೊರದೇಶ್ದಲ್ಲೂ!” ಎಂದ ಮುನಿಸ್ವಾಮಿ. ವರ್ಷಗಟ್ಟಲೆ ಹೋರಾಡಿದರೂ ಅವನ ಫೋಟೋ ಜಿಲ್ಲಾ ಪುಟವನ್ನು ದಾಟಿರಲಿಲ್ಲ.

“ಮತ್ತಿನ್ನೇನು? ಹುಟ್ಟಿದ ನೆಲ ಬಿಟ್ಟಿರೋದು ಅಂದ್ರೆ ಸುಮ್ನೇನಾ ಮುನಿಸ್ವಾಮಿ? ಆ ಸಂಕಟ ನೋಡಕ್ಕಾಗ್ದೆ ಒಪ್ಕೊಂಡೆ.”

ಮುನಿಸ್ವಾಮಿಯ ಕಣ್ಣು ತುಂಬಿದವು. “ಅಣ್ಣ, ಪೊಲೀಸ್ನೋರು ಬಂದ್ರೆ?”

ಬಾವುಟ ಏರುವ ಕಡೆ ಕರೆಯದಿದ್ದರೂ ಅಂಥವರು ಬರುತ್ತಾರೆ, ಡೈರಿಯಲ್ಲಿ ನೋಡಿದ್ದನಲ್ಲ. ಸಂಜೀವಪ್ಪ ದೊಡ್ಡ ಮನಸ್ಸಿನಿಂದ, “ಬರ್ಲಿ ಬಿಡು. ಬೂಂದಿ ಕೊಟ್ಟು ಕಳಿಸಣ” ಎಂದ.

ಈ ಮಾತು ರಾತ್ರಿಯೊಳಗೆ ಹೋಬಳಿ ಸುತ್ತಿತು. ಪೊಲೀಸರಿಗೇ ಬೂಂದಿ ಕೊಡ್ತಾನಂತೆ ಸಂಜೀವಪ್ಪ! ಠಾಣೆಯಲ್ಲಿ ಈ ಬೂಂದಿ ಯಾವ ಬಗೆಯ ಆಯುಧವೆಂದು ಚರ್ಚೆಯಾಯಿತಂತೆ.

ಒಂಬತ್ತನೇ ತಾರೀಖು ಬೆಳಿಗ್ಗೆ ಸಂಜೀವಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ತಾರಸಿ ಹತ್ತಿದ. ನೀರಿನ ಟ್ಯಾಂಕಿನ ಪೈಪಿಗೆ ಬಿದಿರು ಗಳ ಕಟ್ಟಿ, ಚೆಂಡುಹೂವಿನ ಎಸಳು ತುಂಬಿ ಬಾವುಟ ಸುತ್ತಿಟ್ಟಿದ್ದ. ಕೆಮಿಗಿಶಾ ತನ್ನ ದೇಶದ ಉಡುಪು ತೊಟ್ಟಿದ್ದಳು. ಭುಜದ ಮೇಲೆ ತೋಳು ಚೂಪಾಗಿ ಎದ್ದು ನಿಂತು, ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಊರದೇವತೆಗೆ ಹೊಸ ಸೀರೆ ಉಡಿಸಿದಂತೆ ಕಾಣುತ್ತಿದ್ದಳು. ಮುತ್ತಮ್ಮ ಒಗೆದ ಸೀರೆ, ಪಂಚೆ ಹಗ್ಗಕ್ಕೆ ಹಾಕಿ, ಜಾಲಿಸಿದ ನೀರಿನ ಬಕೆಟ್ಟು ಹಿಡಿದು ಅದರ ಹತ್ತಿರ ನಿಂತಿದ್ದಳು. ಉಗಾಂಡ ಸ್ವತಂತ್ರವಾಗಿದೆಯೆಂದು ಮನೆಯ ಬಟ್ಟೆಗಳು ತಾವಾಗಿ ಒಣಗುವುದಿಲ್ಲವಷ್ಟೆ.

“ನಾಲ್ಕು ಜನ ಇದ್ರೆ ಚೆನ್ನಾಗಿತ್ತು. ಅಮ್ಮ ನೋಡ್ತಾಳೆ” ಎಂದಳು ಕೆಮಿಗಿಶಾ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮುನಿಸ್ವಾಮಿ ಹಸಿರು ಟವೆಲ್ಲಿನ ಇಪ್ಪತ್ತು ಜನರೊಂದಿಗೆ ಬಂದ. ಅವನ ಬೆನ್ನಿಗೇ, ತಮ್ಮ ಬಾವುಟದ ಥಾನಿಗೆ ಕತ್ತರಿ ಬಿದ್ದ ಸುದ್ದಿ ಕೇಳಿದ ಕನ್ನಡ ಸಂಘದ ಅಧ್ಯಕ್ಷ ಅಂಬರೀಶ್, ಹಳದಿ ಕೆಂಪು ಶಾಲಿನ ಹುಡುಗರೊಂದಿಗೆ. ಅವರಿಬ್ಬರ ಬೆನ್ನಿಗೆ ಮೇಲುಸಿರು ಬಿಡುತ್ತ ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೀರಪ್ಪ, ಇಬ್ಬರು ಪೇದೆಗಳು, ಒಂದು ವಾಕಿಟಾಕಿ.

ಸಂಜೀವಪ್ಪ ಜನಸಾಗರ ಕಂಡು ಪುಳಕಗೊಂಡು ಕೈ ಮುಗಿದ. “ಬನ್ನಿ ಬನ್ನಿ. ಇಷ್ಟು ಜನ ಬರ್ತೀರ ಅಂತ ಗೊತ್ತಿದ್ರೆ ಬೂಂದಿ ಜಾಸ್ತಿ ತರಿಸ್ತಿದ್ದೆ.”

ಪೇದೆಗಳಿಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

“ಎಲ್ಲೈತೆ ಬಾವುಟ? ಬಿಚ್ರೀ ಅದನ್ನ” ಎಂದ ಚಿಕ್ಕಬೀರಪ್ಪ.

“ಎಂಟೂವರೆಗೆ ಸಾರ್ ಬಿಚ್ಚೋದು. ಮುಹೂರ್ತ.”

ಚಿಕ್ಕಬೀರಪ್ಪ ತಾನೇ ಹೋಗಿ ಗಂಟು ಎಳೆದ. ಚೆಂಡುಹೂವಿನ ಎಸಳುಗಳು ಅವನ ಟೋಪಿಯ ಮೇಲೆಲ್ಲ ಉದುರಿದವು. ಬಾವುಟ ಬಿಚ್ಚಿಕೊಂಡಿತು. ತಾರಸಿಯ ಮೇಲೆ ಮೂರು ಬಗೆಯ ನಿಟ್ಟುಸಿರು ಒಟ್ಟಿಗೆ ಕೇಳಿಸಿತು.

“ಇದೇನಣ್ಣ, ನವಿಲು?” ಎಂದ ಮುನಿಸ್ವಾಮಿ, ಕನಸು ಒಡೆದವನಂತೆ.

“ಕನ್ನಡ ಬಾವುಟಕ್ಕೆ ಕಪ್ಪು ಸೇರಿಸವ್ನೆ! ಹಳದಿ ಕೆಂಪು ಯಾರ್ದು? ನಮ್ದು! ಯಾರನ್ ಕೇಳಿ ಸೇರ್ಸಿದ್ರಿ?” ಎಂದು ಅಂಬರೀಶ್ ಕೂಗಿದ.

“ಕಪ್ಪು ಇರೋದ್ ನಿಜ. ಕಂಬದ್ ಮೇಲೆ ಏರಿಸೋ ಹಂಗಿಲ್ಲ. ಮಂತ್ರಿಗಳು ಈ ರಸ್ತೇಲಿ ಹೋಗೋವರ್ಗೂ ಕಪ್ ಬಣ್ಣ ಎಲ್ಲೂ ಕಾಣ್ಬಾರ್ದು ಅಂತ ಆರ್ಡರ್ ಆಗೈತೆ” ಎಂದ ಚಿಕ್ಕಬೀರಪ್ಪ.

ಸಂಜೀವಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾವ ಮಂತ್ರಿ? ಯಾವ ರಸ್ತೆ? ತನ್ನ ತಾರಸಿಯ ಮೇಲೆ ನಡೆಯುತ್ತಿರುವುದು ಯಾವ ದೇಶದ ಜಗಳ? ಬಾಯಿ ತೆರೆದ, ಅದರಿಂದ ವಂದನಾರ್ಪಣೆ ಬಿಟ್ಟು ಬೇರೆ ಭಾಷಣ ಯಾವತ್ತೂ ಹೊರಟಿರಲಿಲ್ಲವಾದ್ದರಿಂದ ಮತ್ತೆ ಮುಚ್ಚಿಕೊಂಡ. ಕೊನೆಗೆ ಕೆಮಿಗಿಶಾಳೇ ಮುಂದೆ ಬಂದಳು.

“ಸಾಹೇಬ್ರೇ, ಇದು ನಮ್ ದೇಶದ್ದು, ಉಗಾಂಡದ್ದು. ಹಳದಿ ನಮ್ ಬಿಸಿಲು. ಕೆಂಪು, ಎಲ್ರಲ್ಲೂ ಇರೋ ರಕ್ತ. ಕಪ್ಪು ಅಂದ್ರೆ ನಾವೇ, ಜನ. ಕಪ್ಪು ತೆಗೆದ್ಬಿಟ್ರೆ ಬರೀ ಬಿಸಿಲು ಉಳಿಯುತ್ತೆ, ಜನ ಇರಲ್ಲ.”

ಚಿಕ್ಕಬೀರಪ್ಪ ಟೋಪಿಯ ಮೇಲಿನ ಎಸಳು ಕೊಡವಿಕೊಳ್ಳುತ್ತ, “ಅದ್ ಸರಿ ತಾಯಿ, ಆದ್ರೆ ಆರ್ಡರ್…” ಎಂದ.

ಮುತ್ತಮ್ಮ ಬಕೆಟ್ಟು ಕೆಳಗಿಟ್ಟಳು. ನೇರ ಹೋಗಿ ಚಿಕ್ಕಬೀರಪ್ಪನ ತೋಳು ಹಿಡಿದು ಬಾವುಟದ ಕಪ್ಪು ಪಟ್ಟಿಯ ಪಕ್ಕಕ್ಕೆ ಹಿಡಿದಳು. ಆಮೇಲೆ ತನ್ನ ತೋಳು. ಆಮೇಲೆ ಅಂಬರೀಶನದನ್ನೂ ಎಳೆದಳು.

“ನೋಡ್ಕೊಳ್ರಪ್ಪ. ಯಾರ್ದು ಬೇರೆ ಕಾಣುತ್ತೆ ಹೇಳಿ. ಲೇ ಅಂಬರೀಶ, ಅರಿಶ್ನ ಕುಂಕುಮ ಏನ್ ನಿಮ್ಮಪ್ಪ ಅಂಗಡೀಲಿ ಮಾಡ್ಸಿದ್ದಾ? ಮನೆಗ್ ಬಂದ ಹೆಣ್ಮಗಳಿಗೆ ಕೊಡೋದು ಕಣೋ ಅದು. ಸಾಹೇಬ್ರೇ, ಮಂತ್ರಿಗೆ ಕಪ್ಪು ಕಾಣ್ಬಾರ್ದು ಅಂದ್ರೆ ಮೊದ್ಲು ನೀವು ಈ ಕೈನ ಜೇಬಲ್ಲಿಟ್ಕೊಳಿ. ಮುಖ ಎಲ್ಲಿಟ್ಕೊತೀರೋ ನಂಗೊತ್ತಿಲ್ಲ.”

ಅಂಬರೀಶನ ಹುಡುಗರೇ ಕಿಸಕ್ಕನೆ ನಕ್ಕರು. ಆಗ ಟ್ಯಾಂಕಿಗೆ ಒರಗಿಸಿಟ್ಟಿದ್ದ ಫೋನು ಕೂಗತೊಡಗಿತು.

ಕೆಮಿಗಿಶಾ ಫೋನನ್ನೂ ಗಳವನ್ನೂ ಪೊಲೀಸರನ್ನೂ ನೋಡಿದಳು. “ಅಮ್ಮ ಬಂದ್ಳು” ಎಂದಳು ಮೆಲ್ಲಗೆ.

“ಕಂಬದ್ ಮೇಲ್ ತಾನೇ ಬ್ಯಾಡ ಅಂದಿದ್ದು?” ಎಂದು ಮುತ್ತಮ್ಮ ಚಿಕ್ಕಬೀರಪ್ಪನನ್ನು ಕೇಳಿದಳು. “ಒಗೆದ ಬಟ್ಟೆ ಒಣಗಾಕ್ಬಾರ್ದು ಅಂತೇನೂ ಆರ್ಡರ್ ಇಲ್ವಲ್ಲ?”

ಚಿಕ್ಕಬೀರಪ್ಪ ಕಾನೂನನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದ. “ಬಟ್ಟೆಗೆ… ಇಲ್ಲ.”

ಮುತ್ತಮ್ಮ ಬಾವುಟವನ್ನು ಗಳದಿಂದ ಬಿಚ್ಚಿ ಬಕೆಟ್ಟಿನ ಮೇಲೆ ಹಿಡಿದು ಕೆಮಿಗಿಶಾಳ ಮುಖ ನೋಡಿದಳು. ಅದ್ದಲಾ ಎಂಬಂತೆ. ಅಳುವ ಅಂಚಿನಲ್ಲಿದ್ದ ಹುಡುಗಿ ಪಕ್ಕನೆ ನಕ್ಕು ತಲೆಯಾಡಿಸಿದಳು. ಉಗಾಂಡದ ಬಾವುಟ ಬಕೆಟ್ಟಿಗೆ ಇಳಿದು, ಒಂದು ಸಲ ಜಾಲಿಸಿಕೊಂಡು, ಹಿಂಡಿಸಿಕೊಂಡು, ಮುತ್ತಮ್ಮನ ಸೀರೆಗೂ ಸಂಜೀವಪ್ಪನ ಪಂಚೆಗೂ ನಡುವೆ ಹಗ್ಗದ ಮೇಲೆ ಹರಡಿಕೊಂಡಿತು. ನಾಲ್ಕು ಕ್ಲಿಪ್ಪು ಬಿದ್ದವು. ಒದ್ದೆಯ ಭಾರಕ್ಕೆ ಹಗ್ಗ ಜೋಲು ಬಿದ್ದು ನವಿಲಿನ ಕಾಲು ನೆಲ ಮುಟ್ಟುವಂತಾಯಿತು.

“ಏನ್ ನೋಡ್ತಾ ನಿಂತೆ? ಎತ್ತು!” ಎಂದಳು ಗಂಡನಿಗೆ.

ಸಂಜೀವಪ್ಪ ಮೂಲೆಯಲ್ಲಿದ್ದ ಕವೆಗೋಲು ತಂದ. ಬಟ್ಟೆಯ ಹಗ್ಗಕ್ಕೆ ಅದರ ಕವೆ ಕೊಟ್ಟು, ಉಸಿರು ಬಿಗಿಹಿಡಿದು ಮೇಲಕ್ಕೆತ್ತಿದ. ಹಗ್ಗ ಏರಿತು. ಸೀರೆ ಏರಿತು, ಪಂಚೆ ಏರಿತು, ನಡುವೆ ನವಿಲು ಒಂಟಿ ಕಾಲಿನಲ್ಲಿ ಎಲ್ಲರ ತಲೆಯಿಂದ ಮೇಲಕ್ಕೆ ಎದ್ದಿತು.

ಕೆಮಿಗಿಶಾ ಫೋನು ಒತ್ತಿದಳು. ಅದರಲ್ಲಿ ಒಬ್ಬ ದಪ್ಪ ಹೆಂಗಸು, ತಲೆಗೆ ಬಟ್ಟೆ ಸುತ್ತಿಕೊಂಡು, ಕಣ್ಣು ಪರದೆಗೆ ಅಂಟಿಸಿಕೊಂಡಿದ್ದಳು. ಕೆಮಿಗಿಶಾ ನೆಟ್ಟಗೆ ನಿಂತು ತಮ್ಮ ರಾಷ್ಟ್ರಗೀತೆ ಶುರು ಮಾಡಿದಳು. ಅತ್ತ ಕಡೆಯಿಂದ ತಾಯಿಯೂ ಸೇರಿದಳು. ನೆಟ್‌ವರ್ಕಿನ ದೆಸೆಯಿಂದ ಒಂದು ಸಾಲು ಹಿಂದೆ. ರಾಷ್ಟ್ರಗೀತೆ ಯಾರದಾದರೇನು? ಮೂವತ್ತು ವರ್ಷ ಸರ್ವೀಸಿನ ಚಿಕ್ಕಬೀರಪ್ಪನ ಹಿಮ್ಮಡಿಗಳು ತಾವಾಗಿ ಕೂಡಿಕೊಂಡವು, ಕೈ ತಾನಾಗಿ ಹಣೆಗೆ ಹೋಯಿತು. ಪೇದೆಗಳೂ ಸೆಲ್ಯೂಟ್ ಹೊಡೆದರು. ಹಸಿರು ಟವೆಲ್ಲುಗಳೂ ಹಳದಿ ಕೆಂಪು ಶಾಲುಗಳೂ ಒಂದೇ ಸಾಲಿನಲ್ಲಿ ಅಟೆನ್ಷನ್ನಿಗೆ ನಿಂತವು. ಕವೆಗೋಲು ಹಿಡಿದ ಸಂಜೀವಪ್ಪನ ಬಿಳಿ ಶರ್ಟಿನ ಮೇಲೆ ಪಾಪಮ್ಮನ ಅಗ್ಗದ ಥಾನಿನಿಂದ ಕೆಂಪು ಬಣ್ಣ ತೊಟ್ಟಿಕ್ಕುತ್ತಿತ್ತು. ಅವನು ಕದಲಲಿಲ್ಲ. ಆ ಹಾಡು ಬಹಳ ಚಿಕ್ಕದು. ಅಂಬರೀಶ್ ಶಾಲು ಸರಿಪಡಿಸಿಕೊಂಡು ನಿಲ್ಲುವಷ್ಟರಲ್ಲಿ ಮುಗಿದೇಹೋಯಿತು.

ಫೋನಿನಿಂದ ತಾಯಿ ಏನೋ ಕೇಳಿದಳು. ಕೆಮಿಗಿಶಾ ಉತ್ತರಿಸಿದಳು. ತಾಯಿ ಮತ್ತೆ ಕೇಳಿ, ಸೆರಗಿನಂಥದ್ದನ್ನು ಕಣ್ಣಿಗೆ ಒತ್ತಿಕೊಂಡಳು.

“ಏನಂತಾರವ್ವ?” ಎಂದಳು ಮುತ್ತಮ್ಮ.

“ಈ ಜನ ಎಲ್ಲ ಯಾರು ಅಂದ್ಳು. ನಮ್ಮೂರೋರು ಅಂದೆ. ಮತ್ತೆ…” ಕೆಮಿಗಿಶಾ ಚಿಕ್ಕಬೀರಪ್ಪನ ಕಡೆ ನೋಡಿ ತಡೆದಳು. “ನಂಗೆ ಮರ್ಯಾದೆ ಕೊಡೋಕೆ ಸರ್ಕಾರ ಪೊಲೀಸ್ನೋರ್ನ ಕಳ್ಸಿದ್ಯಾ ಅಂತ ಕೇಳ್ತಾಳೆ. ಏನ್ ಹೇಳ್ಲಿ ಸಾಹೇಬ್ರೇ?”

ಎಲ್ಲರ ಕಣ್ಣೂ ಚಿಕ್ಕಬೀರಪ್ಪನ ಮೇಲೆ ಬಿದ್ದವು. ಅವನ ಕೈ ಇನ್ನೂ ಹಣೆಯ ಮೇಲೇ ಇತ್ತು. ಅದನ್ನು ಇಳಿಸಿ, ಎರಡು ಸಲ ಕೆಮ್ಮಿ, “ಹೌದು ಅಂತ ಹೇಳಮ್ಮ” ಎಂದ. “ದಿನಾ ಬಂದು ನೋಡ್ಕೊಂಡೋಗ್ತೀವಿ ಅಂತ್ಲೂ ಹೇಳು.”

ಅವಳು ಹೇಳಿದಳು. ಅತ್ತ ಕಡೆಯ ಹೆಂಗಸು ಸಂಭ್ರಮಕ್ಕೆ ಬಾಯಿಯ ಮೇಲೆ ಅಂಗೈ ಬಡಿದುಕೊಂಡು ಉಲುಲುಲು ಎಂದು ಕೂಗಿದ ಕೂಗಿಗೆ ಕ್ಲಿಪ್ಪುಗಳೇ ಹಾರಿಹೋಗುತ್ತವೇನೋ ಎನ್ನಿಸಿತು. ಆಮೇಲೆ ಒಂದೇ ಮಾತು ಹೇಳಿದಳು. ಅದನ್ನು ಕೆಮಿಗಿಶಾ ಯಾರಿಗೂ ಅನುವಾದಿಸಲಿಲ್ಲ. ಓಡಿಹೋಗಿ ಮುತ್ತಮ್ಮನ ಒದ್ದೆ ಕೈಗಳ ನಡುವೆ ಮುಖವಿಟ್ಟಳು. ಇರು ಅಂದ್ರು ಅಂತ ಮುತ್ತಮ್ಮನೇ ಎಲ್ಲರಿಗೂ ಹೇಳಿದಳು.

ರಸ್ತೆಯ ತುದಿಯಲ್ಲಿ ಸೈರನ್ ಕೇಳಿಸಿತು. ಮುನಿಸ್ವಾಮಿಗೆ ತಾನು ಬಂದ ಕೆಲಸ ನೆನಪಾಗಿ, ಕಪ್ಪು ಬಾವುಟವಿಲ್ಲದಿದ್ದರೂ ಗಂಟಲಿದೆಯಲ್ಲ ಎಂದುಕೊಂಡು ತನ್ನ ಜನರೊಂದಿಗೆ ಮೆಟ್ಟಿಲಿಳಿದು ಓಡಿದ. “ಭೂಮಿ ನಮ್ದು” ಎಂಬ ಕೂಗು ಕೆಳಗಿನಿಂದ ಏರಿತು. ಚಿಕ್ಕಬೀರಪ್ಪನ ವಾಕಿಟಾಕಿ ಗೊರಗೊರ ಅಂದು ಮಾತಾಡಿತು.

“ಚಿಕ್ಕಬೀರಪ್ಪ, ಆ ಮನೆ ಮೇಲೆ ಕಪ್ಪು ಏನೋ ಕಾಣ್ತಾ ಇದೆಯಲ್ರೀ? ಏನ್ರೀ ಅದು?”

ಸಂಜೀವಪ್ಪ ಕವೆಗೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಒಂದು ಗೇಣೂ ಕೆಳಗಿಳಿಸಲಿಲ್ಲ. ಚಿಕ್ಕಬೀರಪ್ಪ ಹಗ್ಗದ ಮೇಲಿದ್ದದ್ದನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಸೀರೆ, ಬಾವುಟ, ಪಂಚೆ.

“ಏನೂ ಇಲ್ಲ ಸಾರ್” ಎಂದ. “ಮನೆಯೋರ ಬಟ್ಟೆ ಒಣಗ್ತಾ ಐತೆ.”